ತುಟಿಯಲುಗದೆ ಆಡಿದ ಮಾತು

ಮಾತನಾಡುವ ನಾಯಿಗಳನ್ನು ನಾಯಕಸ್ಥಾನದಲ್ಲಿ ನಿಲ್ಲಿಸಿ, ಮನೆಮಂದಿಯೆಲ್ಲ ಒಂದೆಡೆ ಕುಳಿತು ನಗುವಂಥ ಚಿತ್ರಗಳನ್ನು ತಯಾರಿಸುವ ಪದ್ಧತಿ ಅಮೆರಿಕದ ಚಿತ್ರೋದ್ಯಮದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬೇಸಿಗೆಯ ರಜೆ ಬಂತೆಂದರೆ ಅಂಥವುಗಳಲ್ಲಿ ಒಂದೆರಡಾದರೂ ನಮ್ಮ ಮನೆಗಳಿಗೂ ಟಿವಿಯ ಮೂಲಕ, ಈಚೆಗೆ ಮೊಬೈಲಿನ ಮೂಲಕ, ಬಂದು ಸೇರುತ್ತವೆ. ಹಿರಿಯರಾದವರು ಇವನ್ನು ಮಕ್ಕಳ ಆಟಿಕೆಗಳ ಸಾಲಿಗೆ ಸೇರಿಸಿ ಸುಮ್ಮನಾಗುವುದು ವಾಡಿಕೆ. ಸಾಹಿತ್ಯದಲ್ಲಿಯೂ ಕಲೆಯಲ್ಲಿಯೂ ಅಭಿರುಚಿಯುಳ್ಳವರು ಸಹ, ನಾಯಿ ಬಾಯಿ ತೆರೆದು ಇಂಗ್ಲಿಷಿನಲ್ಲಿ ಹರಟುವ ಚಿತ್ರವನ್ನು ಕುರಿತು ಗಂಭೀರವಾಗಿ ಆಲೋಚಿಸಬೇಕಾದುದು ಏನಿದೆ ಎಂದು ಕೇಳಿಯಾರು. ಇದೆಯೆಂಬುದೇ ನನ್ನ ದೃಢವಾದ ನಂಬಿಕೆ. ತನ್ನಂತೆ ಮನುಷ್ಯನಲ್ಲದ ಇನ್ನೊಂದು ಜೀವಕ್ಕೂ ಹಸಿವು, ಭಯ, ಸ್ನೇಹ, ವಿರಹಗಳಿಂದ ಕೂಡಿದ ಒಂದು ಅಂತರಂಗವುಂಟೆಂಬ ಅರಿವು ಮಗುವಿನ ಚಿತ್ತದಲ್ಲಿ ಮೊಳೆಯುವುದು ಬಹುಮಟ್ಟಿಗೆ ಇಂಥ ಕಥೆಗಳಿಂದ. ಆ ಮೊಳಕೆ ನೆಟ್ಟಗೆ ಬೆಳೆಯಿತೇ ಸೊಟ್ಟಗೆ ಬೆಳೆಯಿತೇ ಎಂಬುದು, ಕಥೆ ಹೇಳಿದವನು ಆ ಪ್ರಾಣಿಯನ್ನು ಎಷ್ಟು ಗೌರವದಿಂದ ನೋಡಿದ್ದನೆಂಬುದನ್ನು ಅವಲಂಬಿಸಿದೆ. ನಾಯಿಗೆ ಮಾತು ಕೊಡುವುದರಲ್ಲಿ ದೋಷವಿಲ್ಲ. ಕೊಟ್ಟ ಮಾತಿಗೆ ಪ್ರತಿಯಾಗಿ ಅದರ ಮುಖವನ್ನು ಕಸಿದುಕೊಳ್ಳುವುದರಲ್ಲಿ ದೋಷವಿದೆ. ಈ ಭೇದವನ್ನು ತೋರಿಸುವುದಕ್ಕೆ, 1993ರಲ್ಲಿ ಡಿಸ್ನಿ ಸಂಸ್ಥೆ ಹೊರತಂದ ‘ಹೋಮ್‌ವರ್ಡ್ ಬೌಂಡ್’ ಎಂಬ ಚಿತ್ರಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆನು.

ಪ್ರಾಣಿಗಳಿಂದ ಮಾತನಾಡಿಸುವುದು ಸಿನಿಮಾದವರು ಕಂಡುಹಿಡಿದ ಚಮತ್ಕಾರವೇನೂ ಅಲ್ಲ. ಮಹಾಭಾರತದ ಆದಿಪರ್ವದ ಮೊದಮೊದಲಲ್ಲಿಯೇ ನಾಯಿಯೊಂದು ಮಾತನಾಡುತ್ತದೆ. ಜನಮೇಜಯನು ಸತ್ರ ನಡೆಸುತ್ತಿದ್ದೆಡೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಲು, ಅದು ಅಳುತ್ತ ತಾಯಿಯಾದ ಸರಮೆಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲೂ ಇಲ್ಲ, ಅದರತ್ತ ನೋಡಲೂ ಇಲ್ಲ ಎಂದು ಹೇಳಿಕೊಳ್ಳುತ್ತದೆ. ಸರಮೆ ನೇರವಾಗಿ ಸತ್ರದ ಸ್ಥಳಕ್ಕೆ ಬಂದು, ತಪ್ಪು ಮಾಡದ ತನ್ನ ಮಗನನ್ನು ಏತಕ್ಕೆ ಹೊಡೆದಿರೆಂದು ರಾಜನನ್ನೇ ಕೇಳುತ್ತಾಳೆ. ಉತ್ತರ ಹೇಳಲಾರದೆ ನಿಂತವರಿಗೆ ಅರಿಯದ ಭಯವೊಂದು ಬಂದೊದಗಲೆಂದು ಶಪಿಸುತ್ತಾಳೆ. ಸ್ಪೇನ್ ದೇಶದ ಸರ್ವಾಂಟಿಸನು 1613ರಲ್ಲಿ ಪ್ರಕಟಿಸಿದ ಕಥೆಗಳಲ್ಲೊಂದರಲ್ಲಿ, ವಲ್ಯಡೊಲಿಡ್ ನಗರದ ಆಸ್ಪತ್ರೆಯೊಂದರ ಎರಡು ನಾಯಿಗಳು ಒಂದು ರಾತ್ರಿ ತಮಗೆ ಹಠಾತ್ತಾಗಿ ಒದಗಿದ ವಾಕ್ಶಕ್ತಿಗೆ ಬೆರಗಾಗಿ, ಅದು ಕಳೆದುಹೋಗುವುದರೊಳಗೆ ತಾವು ಕಂಡ ಯಜಮಾನರ ಗುಣಾವಗುಣಗಳನ್ನು ಹೇಳಿ ಮುಗಿಸಬೇಕೆಂದು ಆತುರಪಡುತ್ತವೆ. ಹನ್ನೊಂದನೆಯ ಶತಮಾನದ ನಮ್ಮ ದುರ್ಗಸಿಂಹನ ‘ಪಂಚತಂತ್ರ’ದ ಮೃಗಗಳ ವಿಷಯವನ್ನು ಕನ್ನಡಿಗರಿಗೆ ನಾನು ನೆನಪಿಸಬೇಕಾದುದಿಲ್ಲ. ಆದರೆ ಈ ಎಲ್ಲ ಕಥೆಗಳೂ ಅಕ್ಷರದಲ್ಲಿರುವುವು. ಸರಮೆಯ ತುಟಿ ಹೇಗೆ ಅಲುಗಿತೆಂದು ಓದುಗನು ಕೇಳುವುದಿಲ್ಲ. ಅವನ ಕಲ್ಪನೆಯಲ್ಲಿ ನಾಯಿಯ ರೂಪವೂ ಮನುಷ್ಯನ ವಾಣಿಯೂ ಒಂದಕ್ಕೊಂದು ಅಡ್ಡಬಾರದೆ ಜೊತೆಯಾಗಿ ನಿಲ್ಲುತ್ತವೆ. ಕ್ಯಾಮೆರಾದ ಮುಂದೆ ಬಂದು ನಿಲ್ಲುವುದಾದರೋ ರಕ್ತಮಾಂಸಗಳಿಂದ ಕೂಡಿದ ನಿಜವಾದ ನಾಯಿ. ಅದಕ್ಕೆ ತನ್ನದೇ ಆದ ಮುಖವಿದೆ. ಆ ಮುಖವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ವ್ಯಾಸನೂ ಎದುರಿಸಲಿಲ್ಲ, ಸರ್ವಾಂಟಿಸನೂ ಎದುರಿಸಲಿಲ್ಲ.

‘ಹೋಮ್‌ವರ್ಡ್ ಬೌಂಡ್’ ಚಿತ್ರಕ್ಕೆ ಮೂಲವಾದುದು ಶೀಲಾ ಬರ್ನ್‌ಫರ್ಡ್ ಎಂಬಾಕೆ 1961ರಲ್ಲಿ ಪ್ರಕಟಿಸಿದ ‘ದಿ ಇನ್‌ಕ್ರೆಡಿಬಲ್ ಜರ್ನಿ’ ಎಂಬ ಕಾದಂಬರಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಈ ಲೇಖಕಿ ತಾನು ಸಾಕಿದ ಪ್ರಾಣಿಗಳನ್ನೇ ಮಾದರಿಯಾಗಿಟ್ಟುಕೊಂಡು, ಒಂದು ಲ್ಯಾಬ್ರಡಾರ್, ಒಂದು ಮುದಿ ಬುಲ್ ಟೆರಿಯರ್, ಒಂದು ಸಯಾಮಿ ಬೆಕ್ಕು, ಈ ಮೂರೂ ಆಂಟೇರಿಯೋ ಪ್ರಾಂತದ ನಿರ್ಜನವಾದ ಅರಣ್ಯವನ್ನು ಹಾದು ಮನೆ ಸೇರುವ ಕಥೆಯನ್ನು ಬರೆದಳು. ಕಾದಂಬರಿಯಲ್ಲಿ ಅವು ಮಾತನಾಡುವುದಿಲ್ಲ. 1963ರಲ್ಲಿ ಡಿಸ್ನಿಯವರು ಅದನ್ನು ಮೊದಲ ಸಲ ಚಿತ್ರವಾಗಿಸಿದಾಗಲೂ ಪ್ರಾಣಿಗಳು ಮೂಕವಾಗಿಯೇ ಉಳಿದುವು; ಕಥೆಯನ್ನು ನಿರೂಪಕನೊಬ್ಬನು ಹೇಳಿಕೊಂಡು ಹೋದನು. ಮೂವತ್ತು ವರ್ಷಗಳ ತರುವಾಯ ಅದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡವರು, ಕೆನಡಾದ ಕಾಡಿಗೆ ಬದಲಾಗಿ ಅಮೆರಿಕದ ಸಿಯೆರಾ ನೆವಾಡಾ ಪರ್ವತಗಳನ್ನು ಕಥಾಭೂಮಿಯಾಗಿ ಮಾಡಿಕೊಂಡುದಲ್ಲದೆ, ಮೂರು ಪ್ರಾಣಿಗಳಿಗೂ ಮಾತನ್ನು ಕೊಟ್ಟರು. ಶ್ಯಾಡೋ ಎಂಬ ಮುದಿ ಗೋಲ್ಡನ್ ರಿಟ್ರೀವರ್ ನಾಯಿಗೆ ಡಾನ್ ಅಮೀಚಿ, ಚಾನ್ಸ್ ಎಂಬ ಹುಡುಗಾಟಿಕೆಯ ಅಮೆರಿಕನ್ ಬುಲ್‌ಡಾಗಿಗೆ ಮೈಕೆಲ್ ಜೆ. ಫಾಕ್ಸ್, ಸ್ಯಾಸಿ ಎಂಬ ಹಿಮಾಲಯನ್ ಬೆಕ್ಕಿಗೆ ಸ್ಯಾಲಿ ಫೀಲ್ಡ್ ಧ್ವನಿಯಾದರು. ನಿರ್ದೇಶಕ ಡುವೇನ್ ಡನ್‌ಹಮ್ ಮಾಡಿದ ವಿವೇಕದ ಕಾರ್ಯವೆಂದರೆ, ಆ ಮೂರು ಪ್ರಾಣಿಗಳ ಪೈಕಿ ಒಂದರ ತುಟಿಯನ್ನೂ ಅಲುಗಿಸದೆ ಬಿಟ್ಟುದು. ಧ್ವನಿ ಕೇಳುತ್ತದೆ, ಬಾಯಿ ಮುಚ್ಚಿರುತ್ತದೆ. ಅಥವಾ ನಾಯಿ ತನ್ನ ಸಹಜ ಕಾರಣಕ್ಕಾಗಿ, ಏದುಸಿರು ಬಿಡುತ್ತ, ಬಾಯಿ ತೆರೆದಿರುತ್ತದೆ. ಪ್ರೇಕ್ಷಕನು ಎರಡು ನಿಮಿಷಗಳೊಳಗೆ ಈ ಸಂಕೇತವನ್ನು ಅಂಗೀಕರಿಸಿಬಿಡುತ್ತಾನೆ. ಮಕ್ಕಳಿಗಂತೂ ಅಷ್ಟು ಕಾಲವೂ ಬೇಡ.

ಕಥೆ ಸರಳವಾದುದು. ಮನೆಯವರು ಕೆಲಸದ ನಿಮಿತ್ತ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೋಗಬೇಕಾಗಿ ಬಂದು, ಪ್ರಾಣಿಗಳನ್ನು ದೂರದ ಜಾನುವಾರು ಸಾಕಣೆಯ ಹೊಲಮನೆಯಲ್ಲಿ ಪರಿಚಿತೆಯೊಬ್ಬಳ ವಶಕ್ಕೆ ಒಪ್ಪಿಸಿ ಹೋಗುತ್ತಾರೆ. ತನ್ನ ಹುಡುಗನಾದ ಪೀಟರನಿಗೆ ಏನೋ ಆಪತ್ತು ಬಂದಿರಲೇಬೇಕೆಂದು ಬಗೆದ ಶ್ಯಾಡೋ ಬೆಟ್ಟಗಳತ್ತ ಹೊರಟುಬಿಡುತ್ತದೆ. ಉಳಿದೆರಡು ಅದರ ಹಿಂದೆ. ಚಾನ್ಸ್ ನಾಯಿ ಬೀದಿಯಿಂದಲೂ ದೊಡ್ಡಿಯಿಂದಲೂ ಬಂದುದಾದ್ದರಿಂದ ಮನುಷ್ಯರಲ್ಲಿ ಅದಕ್ಕೆ ನೆಚ್ಚಿಗೆಯಿಲ್ಲ; ತಾನು ಯಾರನ್ನೂ ಹಚ್ಚಿಕೊಂಡವನಲ್ಲವೆಂದು ಅದರ ಧ್ವನಿ ಬಡಾಯಿ ಕೊಚ್ಚುತ್ತಿರುವಾಗಲೇ, ಅದರ ಬಾಲವೂ ಸೊಂಟವೂ ಬೇರೆಯೇ ಕಥೆಯನ್ನು ಹೇಳುತ್ತಿರುತ್ತವೆ. ಮುಳ್ಳುಹಂದಿಯ ಗೊಡವೆಗೆ ಹೋಗಿ ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು ಹಿಂದಿರುಗಿದ ಮೇಲೂ ಆ ಬಡಾಯಿಯ ಎಳೆ ಪೂರ್ತಿ ತುಂಡಾಗುವುದಿಲ್ಲ. ಈ ಚಿತ್ರದ ಹಾಸ್ಯವೆಲ್ಲ ಹುಟ್ಟುವುದು ಇಲ್ಲಿ, ಕೇಳುವ ಮಾತಿಗೂ ಕಾಣುವ ಮುಖಕ್ಕೂ ನಡುವೆ ಇರುವ ಆ ಅಂತರದಲ್ಲಿ. ನಮ್ಮ ಯಕ್ಷಗಾನದಲ್ಲಿ ಭಾಗವತನ ಹಾಡೂ ವೇಷಧಾರಿಯ ಅಭಿನಯವೂ ಎರಡು ಬೇರೆ ಬೇರೆ ದೇಹಗಳಲ್ಲಿದ್ದು, ನೋಡುವವನ ಮನಸ್ಸಿನಲ್ಲಿ ಒಂದಾಗುವ ಹಾಗೆ, ಇಲ್ಲಿಯೂ ನಟನ ಕಂಠವೂ ಪ್ರಾಣಿಯ ಶರೀರವೂ ತಮ್ಮ ತಮ್ಮ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಕೂಡಿ ನಡೆಯುತ್ತವೆ.

ಮುಗಿತಾಯದ ದೃಶ್ಯವನ್ನು ನೋಡಬೇಕು. ಮನೆಗೆ ಇನ್ನೇನು ಹತ್ತಿರವಾಯಿತೆನ್ನುವಾಗ, ರೈಲ್ವೆ ಹಳಿಗಳ ಪಕ್ಕದ ಕೊಳೆತ ಹಲಗೆಗಳು ಮುರಿದು ಶ್ಯಾಡೋ ಕೆಸರಿನ ಗುಂಡಿಗೆ ಬೀಳುತ್ತದೆ. ಕಾಲು ನೊಂದಿದೆ, ಕೆಸರಿನ ಅಂಚು ಜಾರುತ್ತಿದೆ, ವಯಸ್ಸಾಗಿದೆ. ತನ್ನನ್ನು ಬಿಟ್ಟು ಮುಂದಕ್ಕೆ ಹೋಗೆಂದು ಕಿರಿಯನಿಗೆ ಹೇಳುವಾಗಿನ ಅಮೀಚಿಯ ಧ್ವನಿ ಎಂಬತ್ತು ದಾಟಿದ ಮುದುಕನ ಧ್ವನಿ. ಆ ಚಿತ್ರ ತೆರೆಗೆ ಬಂದ ವರ್ಷದ ಕೊನೆಯಲ್ಲಿಯೇ ಅವನು ತೀರಿಕೊಂಡನು. ಆಮೇಲೆ ಮನೆಯ ಅಂಗಳ. ಚಾನ್ಸ್ ಓಡಿಬರುತ್ತದೆ, ಸ್ಯಾಸಿ ಓಡಿಬರುತ್ತದೆ. ಪೀಟರ್ ದಿಬ್ಬದತ್ತ ನೋಡುತ್ತ ನಿಂತು, ಅವನಿಗೆ ವಯಸ್ಸಾಗಿತ್ತು, ಅಷ್ಟು ದೂರ ಬರಲಾರನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬೆನ್ನು ತಿರುಗಿಸುತ್ತಾನೆ. ಆಗ ದಿಬ್ಬದ ಮೇಲೆ ಆ ಮುದಿ ನಾಯಿ ಕುಂಟುತ್ತ ಕಾಣಿಸಿಕೊಳ್ಳುತ್ತದೆ. ಕುಂಟುವ ಕಾಲಿನಲ್ಲಿಯೇ ನಡಿಗೆ ಓಟವಾಗುತ್ತದೆ. ನಾವು ನೋಡುತ್ತಿರುವುದು ತನಗೆ ಗೊತ್ತಿರುವ ಒಬ್ಬ ಮನುಷ್ಯನ ಬಳಿಗೆ ಧಾವಿಸುತ್ತಿರುವ ನಿಜವಾದ ನಾಯಿಯ ನಿಜವಾದ ಸಂತೋಷವನ್ನು. ಅದರ ಹಿಂದಕ್ಕೆ ಮಡಿಚಿದ ಕಿವಿಗಳನ್ನೂ, ತೊನೆಯುವ ಬೆನ್ನನ್ನೂ ಯಾವ ಗಣಕಯಂತ್ರವೂ ತಿದ್ದಿಲ್ಲ. ಹಾಸ್ಯಚಿತ್ರವೆಂದು ಕುಳಿತವರು ಇಲ್ಲಿ ಕಣ್ಣೊರೆಸಿಕೊಳ್ಳುವುದಕ್ಕೆ ಕಾರಣ ಆ ಮುಖ ಕೊನೆಯವರೆಗೂ ನಾಯಿಯ ಮುಖವಾಗಿಯೇ ಉಳಿದುದು.

ಇದಕ್ಕೆ ವಿರುದ್ಧವಾದ ದಾರಿಯೂ ಹಳೆಯದೇ. 1929ರಿಂದ 1931ರವರೆಗೆ ಎಂ.ಜಿ.ಎಂ. ಸಂಸ್ಥೆ ‘ಡಾಗ್‌ವಿಲ್’ ಹಾಸ್ಯಚಿತ್ರಗಳೆಂಬ ಮಾಲೆಯೊಂದನ್ನು ಹೊರಡಿಸಿತು. ನಾಯಿಗಳಿಗೆ ಕೋಟು, ಟೊಪ್ಪಿಗೆ, ಗೌನುಗಳನ್ನು ತೊಡಿಸಿ, ಹಿಂಗಾಲುಗಳ ಮೇಲೆ ನಿಲ್ಲಿಸಿ, ಮಾತನಾಡುವಂತೆ ತೋರಿಸುವುದಕ್ಕಾಗಿ ಬಾಯಿಗೆ ಟಾಫಿ ಕೊಟ್ಟು ಅಗಿಸುತ್ತಿದ್ದರು. ಶಬ್ದಚಿತ್ರ ಆಗತಾನೆ ಬಂದಿದ್ದ ಕಾಲದಲ್ಲಿ ಜನ ಅದನ್ನು ನೋಡಿ ನಕ್ಕರು. ಇಂದು ಅವನ್ನು ನೋಡಿದರೆ ನನಗೆ ಕಾಣುವುದು, ತನಗೆ ಅರ್ಥವಾಗದ ಉಡುಪಿನೊಳಗೆ ಸಿಕ್ಕಿಕೊಂಡು, ಹಲ್ಲಿಗಂಟಿದ ಸಿಹಿಯನ್ನು ಬಿಡಿಸಿಕೊಳ್ಳಲು ಹೆಣಗುತ್ತಿರುವ ಒಂದು ಬಡಪ್ರಾಣಿ. ಟಾಫಿಯ ಕಾಲ ಹೋಗಿ ಗಣಕಯಂತ್ರದ ಕಾಲ ಬಂದುದು 1995ರ ‘ಬೇಬ್’ ಚಿತ್ರದಿಂದ ಎನ್ನಬಹುದು. ಜೀವಂತ ಪ್ರಾಣಿಯ ಚಿತ್ರವನ್ನು ತೆಗೆದು, ಅದರ ಮೂತಿಯ ಭಾಗವನ್ನು ಮಾತ್ರ ಗಣಕದಲ್ಲಿ ಮರುನಿರ್ಮಾಣ ಮಾಡಿ, ಮಾತಿಗೆ ತಕ್ಕಂತೆ ತುಟಿ, ನಾಲಿಗೆ, ದವಡೆಗಳನ್ನು ಆಡಿಸುವ ಆ ತಂತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು.

‘ಬೇಬ್’ ಚಿತ್ರದ ಬಾಯಿಗಳು ಅಲುಗುತ್ತವೆ. ಆದರೂ ಅದು ಉತ್ತಮವಾದ ಚಿತ್ರ. ನನ್ನ ವಾದಕ್ಕೆ ಇದು ಅಡ್ಡಿಯೆಂದು ಯಾರಾದರೂ ಹೇಳಿದರೆ ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಅದರ ನಿರ್ಮಾಪಕ ಜಾರ್ಜ್ ಮಿಲ್ಲರ್, ನಿರ್ದೇಶಕ ಕ್ರಿಸ್ ನೂನನ್ ಇಬ್ಬರೂ ಎಷ್ಟು ಸಂಯಮದಿಂದ ನಡೆದುಕೊಂಡರೆಂಬುದನ್ನು ಗಮನಿಸಬೇಕು. ಕುರಿಕಾಯುವ ನಾಯಿಗಳಾದ ಫ್ಲೈ ಮತ್ತು ರೆಕ್ಸ್ ಮನುಷ್ಯರ ಮಾತನ್ನಾಡಿದರೂ ಮನುಷ್ಯರ ವಿಷಯಗಳನ್ನು ಆಡುವುದಿಲ್ಲ; ಮರಿಗಳನ್ನು ಮಾರಿದಾಗ ತಾಯಿಗಾಗುವ ದುಃಖ, ಕಿವಿ ಕೇಳಿಸದ ಮುದಿನಾಯಿಯ ಅಭಿಮಾನ, ಕುರಿಗಳೊಡನೆ ತಮಗಿರುವ ಹಳೆಯ ವೈಮನಸ್ಯ, ಇವೇ ಅವುಗಳ ಸಂಭಾಷಣೆ. ಆ ಮಾತು ರೈತ ಹಾಗೆಟ್ಟನ ಕಿವಿಗೆ ಬೀಳುವುದೂ ಇಲ್ಲ. ಚಿತ್ರದ ಅತ್ಯಂತ ಮಿತಭಾಷಿ ಪಾತ್ರವೆಂದರೆ ಆ ಮನುಷ್ಯನೇ. ಯಂತ್ರದ ನೆರವು ಪಡೆದೂ ಪ್ರಾಣಿಯ ಮರ್ಯಾದೆಯನ್ನು ಕಾಯಬಹುದೆಂದು ಈ ಚಿತ್ರ ತೋರಿಸಿತು. ಆದರೆ ಅನುಸರಿಸಿದವರು ಯಂತ್ರವನ್ನು ತೆಗೆದುಕೊಂಡು ಸಂಯಮವನ್ನು ಅಲ್ಲಿಯೇ ಬಿಟ್ಟರು.

2008ರ ‘ಬೆವರ್ಲಿ ಹಿಲ್ಸ್ ಚಿಹುವಾಹುವಾ’ ಚಿತ್ರದಲ್ಲಿ ಸಿರಿವಂತರ ಮನೆಯ ಪುಟ್ಟನಾಯಿಯೊಂದು ಮೆಕ್ಸಿಕೋದಲ್ಲಿ ದಾರಿತಪ್ಪುತ್ತದೆ. ಅದರ ಒಡವೆ, ಉಡುಪು, ಬಿಂಕಗಳೆಲ್ಲ ಮನುಷ್ಯ ಹೆಣ್ಣೊಬ್ಬಳವು, ದೇಹವೊಂದು ಮಾತ್ರ ನಾಯಿಯದು. ಅದೇ ನಿರ್ದೇಶಕ ರಾಜಾ ಗಾಸ್ನೆಲ್ ಹತ್ತು ವರ್ಷಗಳ ಮೇಲೆ ‘ಶೋ ಡಾಗ್ಸ್’ ಎಂಬ ಚಿತ್ರವನ್ನು ಕೊಟ್ಟನು. ಮ್ಯಾಕ್ಸ್ ಎಂಬ ರಾಟ್‌ವೈಲರ್ ಪೊಲೀಸ್ ನಾಯಿ, ಕಳವಾದ ಪಾಂಡಾ ಮರಿಯನ್ನು ಪತ್ತೆಹಚ್ಚುವುದಕ್ಕಾಗಿ ಲಾಸ್ ವೇಗಸ್ಸಿನ ಶ್ವಾನಪ್ರದರ್ಶನದಲ್ಲಿ ಸ್ಪರ್ಧಿಯ ಸೋಗಿನಲ್ಲಿ ಸೇರಿಕೊಳ್ಳುವ ಕಥೆ ಅದು. ಅಂಥ ಪ್ರದರ್ಶನಗಳಲ್ಲಿ ತೀರ್ಪುಗಾರರು ನಾಯಿಯ ಗುಪ್ತಾಂಗಗಳನ್ನು ಮುಟ್ಟಿ ಪರೀಕ್ಷಿಸುವುದು ನಿಜವಾದ ಪದ್ಧತಿಯೇ. ಚಿತ್ರದಲ್ಲಿ ಮ್ಯಾಕ್ಸ್ ಅದಕ್ಕೆ ಒಪ್ಪದೆ ಸಿಡುಕುತ್ತದೆ. ಆಗ ಅದರ ಗುರು, ಮನಸ್ಸನ್ನು ಬೇರೆಲ್ಲಿಯೋ ಪ್ರಶಾಂತವಾದ ತಾಣಕ್ಕೆ ಕಳಿಸಿ ಸಹಿಸಿಕೋ ಎಂದು ಉಪದೇಶಿಸುತ್ತದೆ. ಕೊನೆಗೆ ಹಾಗೆ ಸಹಿಸಿಕೊಂಡುದೇ ಅದರ ಗೆಲುವಾಗಿ ಪರಿಣಮಿಸುತ್ತದೆ. 2018ರ ಮೇ 18ರಂದು ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದೊಡನೆಯೇ ತಾಯಿತಂದೆಗಳೂ ಮಕ್ಕಳ ರಕ್ಷಣೆಗಾಗಿ ದುಡಿಯುವವರೂ ಬೆಚ್ಚಿಬಿದ್ದರು. ಮಕ್ಕಳ ಮೇಲೆ ಕೈಮಾಡುವ ದುರುಳರು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ ಅಲ್ಲವೇ ಎಂದು ಕೇಳಿದರು. ವಿತರಕ ಸಂಸ್ಥೆ ಆ ಭಾಗಗಳನ್ನು ಕತ್ತರಿಸಿ, ಕೆಲವೇ ದಿನಗಳಲ್ಲಿ ತಿದ್ದಿದ ಪ್ರತಿಗಳನ್ನು ಚಿತ್ರಮಂದಿರಗಳಿಗೆ ಕಳಿಸಬೇಕಾಯಿತು.

ಈ ಪ್ರಸಂಗವನ್ನು ಕುರಿತು ನಾನು ಬಹಳ ಆಲೋಚಿಸಿದ್ದೇನೆ. ತಯಾರಕರಲ್ಲಿ ದುರುದ್ದೇಶವಿತ್ತೆಂದು ನಾನು ಎಣಿಸೆನು. ನಾಯಿಯ ಪಾಲಿಗೆ ಆ ಪರೀಕ್ಷೆ ಪಶುವೈದ್ಯನ ಪರೀಕ್ಷೆಯಂಥದೇ ಒಂದು ಸಾಮಾನ್ಯ ಸಂಗತಿ, ಆದ್ದರಿಂದ ಅದರಿಂದ ನಗೆ ಹುಟ್ಟಿಸಬಹುದೆಂದು ಅವರು ಭಾವಿಸಿದ್ದಿರಬೇಕು. ಆದರೆ ಅದಕ್ಕೆ ಮನುಷ್ಯನ ಕಂಠವನ್ನೂ, ಮನುಷ್ಯನ ತುಟಿಯನ್ನೂ, ಮನುಷ್ಯನ ಲಜ್ಜೆಯನ್ನೂ ಅವರೇ ಕೊಟ್ಟಿದ್ದರು. ಅಷ್ಟನ್ನು ಕೊಟ್ಟಮೇಲೆ ಮನುಷ್ಯನ ದೇಹಕ್ಕೆ ಸಲ್ಲುವ ಗೌರವವನ್ನೂ ಅದಕ್ಕೆ ಸಲ್ಲಿಸಬೇಕಾಗುತ್ತದೆ. ತೆರೆಯ ಮುಂದೆ ಕುಳಿತ ಆರು ವರ್ಷದ ಮಗು ಅಲ್ಲಿ ನೋಡುವುದು ನಾಯಿಯನ್ನಲ್ಲ, ತನ್ನಂತೆಯೇ ಬೇಡವೆಂದು ಹೇಳಬಲ್ಲ, ಬೇಡವೆಂದರೂ ಕೇಳಿಸಿಕೊಳ್ಳದವರ ನಡುವೆ ಸಿಕ್ಕಿಬಿದ್ದ ಒಬ್ಬ ವ್ಯಕ್ತಿಯನ್ನು. ಯಂತ್ರದಿಂದ ಆಡಿಸಿದ ತುಟಿ ನಾಯಿಯನ್ನು ನಾಯಿತನದಿಂದ ಹೊರಕ್ಕೆ ಎಳೆದುತಂದು, ಮನುಷ್ಯತ್ವದ ಹೊಸ್ತಿಲಲ್ಲಿ ಅರ್ಧಕ್ಕೆ ನಿಲ್ಲಿಸಿಬಿಡುತ್ತದೆ. ಆ ಸಂದಿಗ್ಧವಾದ ಸ್ಥಳದಲ್ಲಿ ಎಂಥ ಅವಮಾನವನ್ನಾದರೂ ಹಾಸ್ಯವೆಂದು ದಾಟಿಸಬಹುದೆಂಬ ಭ್ರಮೆ ಬರೆಯುವವನಿಗೆ ಹುಟ್ಟುತ್ತದೆ. ಪ್ರಮಾದ ಒಂದು ದೃಶ್ಯದಲ್ಲಿ ಎದ್ದು ಕಂಡಿತು. ಅದರ ಬೇರಾದರೋ ಇಡೀ ಪದ್ಧತಿಯಲ್ಲಿದೆ.

ಇನ್ನು, ನಾಯಿಗೆ ತನ್ನದೆಂಬ ಭಾಷೆ ಇಲ್ಲದಿದ್ದರೆ ಅದರ ಮುಖವನ್ನು ಅಳಿಸಿ ಬರೆದುದರಿಂದ ಅಷ್ಟೇನೂ ನಷ್ಟವಿಲ್ಲವೆನ್ನಬಹುದಿತ್ತು. ವಿಜ್ಞಾನಿಗಳು ಈಚೆಗೆ ಕಂಡುಕೊಂಡಿರುವುದು ಬೇರೆ. ಒಳಹುಬ್ಬನ್ನು ಮೇಲಕ್ಕೆತ್ತುವ ಒಂದು ಸಣ್ಣ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ಅವುಗಳ ಬಂಧುಗಳಾದ ತೋಳಗಳಲ್ಲಿ ಹಾಗೆ ಬೆಳೆದಿಲ್ಲ ಎಂದು ಜೂಲಿಯಾನೆ ಕಾಮಿನ್ಸ್ಕಿ ಮತ್ತು ಆಕೆಯ ಸಂಗಡಿಗರು 2019ರಲ್ಲಿ ಪ್ರಕಟಿಸಿದರು. ಮನುಷ್ಯರೊಡನೆ ಸಹಸ್ರಾರು ವರ್ಷ ಬಾಳಿದುದರ ಫಲವಾಗಿ ನಾಯಿಯ ಮುಖವೇ ನಮ್ಮ ಕಣ್ಣಿಗೆ ಮಾತನಾಡುವಂತೆ ಮಾರ್ಪಟ್ಟಿದೆಯೆಂಬುದು ಅವರ ಅಭಿಪ್ರಾಯ. ಆಶ್ರಯಧಾಮಗಳಲ್ಲಿ ಹುಬ್ಬನ್ನು ಹೆಚ್ಚಾಗಿ ಎತ್ತುವ ನಾಯಿಗಳಿಗೆ ಬೇಗನೆ ಮನೆ ದೊರೆಯುತ್ತದೆಂದು ಅದಕ್ಕೂ ಮೊದಲು, 2013ರಲ್ಲಿ, ತಿಳಿದುಬಂದಿತ್ತು. ಇಷ್ಟು ಕಾಲ ಹಿಡಿದು ರೂಪುಗೊಂಡ ಮುಖದ ಮೇಲೆ, ನಟನೊಬ್ಬನ ಇಂಗ್ಲಿಷ್ ಉಚ್ಚಾರಣೆಗೆ ಸರಿಹೊಂದಲೆಂದು, ಬೇರೊಂದು ಮೂತಿಯನ್ನು ಅಂಟಿಸುವುದನ್ನು ನಾನು ಸಣ್ಣ ಅಪಚಾರವೆಂದು ತಿಳಿಯಲಾರೆನು.

ಅಪಚಾರ ಮಾತ್ರವಲ್ಲ, ಅಪಾಯವೂ ಉಂಟು. ನಮ್ಮ ಊರುಗಳಲ್ಲಿ ಯಾವ ಬೇಕರಿಯ ಮುಂದಾದರೂ ಸಾಯಂಕಾಲ ಹೊತ್ತು ನಿಂತು ನೋಡಿರಿ. ಬನ್ನಿನ ಚೂರಿಗೋ ಬಿಸ್ಕತ್ತಿಗೋ ಕಾದು ಮಲಗಿದ ಬೀದಿನಾಯಿಯ ಬಳಿಗೆ ಮಗುವೊಂದು ಓಡಿಬಂದು ಕುತ್ತಿಗೆಗೆ ಕೈಹಾಕುತ್ತದೆ. ನಾಯಿ ಮೊದಲು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಬಳಿಕ ನಾಲಿಗೆಯ ತುದಿಯಿಂದ ಮೂಗನ್ನೊಮ್ಮೆ ಸವರಿಕೊಳ್ಳುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿಯ ಭಾಗ ಅಂಚಿನಲ್ಲಿ ಅರ್ಧಚಂದ್ರದಂತೆ ಕಾಣುತ್ತದೆ, ಮೈ ಬಿಗಿಯುತ್ತದೆ. ಇಷ್ಟೂ ಮಾತು. ದೂರ ಸರಿ, ನನಗೆ ಇದು ಹಿತವಲ್ಲ ಎಂದು ಅದು ಒಂದೊಂದು ಮೆಟ್ಟಲೇರಿಸಿ ಹೇಳುತ್ತಿದೆ. ಯಾರೂ ಕೇಳಿಸಿಕೊಳ್ಳದೆ ಹೋದಾಗಲೇ ಕೊನೆಯದಾಗಿ ಹಲ್ಲು ತೋರಿಸುತ್ತದೆ. ಎಳೆಯ ಮಕ್ಕಳಲ್ಲಿ ಹಲವರು ಹಲ್ಲು ಬಿಟ್ಟ ನಾಯಿಯ ಮುಖವನ್ನು ನಗುಮುಖವೆಂದು ತಪ್ಪಾಗಿ ಓದುತ್ತಾರೆಂಬುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ತೆರೆಯ ಮೇಲಿನ ನಾಯಿಗಳು ಮನುಷ್ಯರ ಹಾಗೆ ತುಟಿ ಅಗಲಿಸಿ ಹಲ್ಲು ಬಿಟ್ಟು ನಗುವುದನ್ನೇ ನೋಡುತ್ತ ಬೆಳೆದ ಮಗುವಿಗೆ ಆ ಓದಿನಲ್ಲಿ ನೆರವಾಗುವುದೇನು? ಬೀದಿನಾಯಿಗಳ ಸಮಸ್ಯೆಯನ್ನು ಕುರಿತು ನಾವು ಪೌರಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ವಾದಿಸುತ್ತಿರುವ ಈ ದಿನಗಳಲ್ಲಿ, ನಾಯಿಯ ಮುಖವನ್ನು ಓದಲು ಮಕ್ಕಳಿಗೆ ಕಲಿಸಬಲ್ಲ ಕಲಾಮಾಧ್ಯಮವೊಂದು ಅದನ್ನು ಮರೆಯಿಸಲು ದುಡಿಯುತ್ತಿರುವುದು ವಿಷಾದದ ಸಂಗತಿ.

ಕನ್ನಡದಲ್ಲಿ ಇದಕ್ಕೆ ಒಂದು ಉತ್ತರ ಈಗಾಗಲೇ ಬಂದಿದೆ. ಕಿರಣ್‌ರಾಜ್ ಕೆ. ನಿರ್ದೇಶಿಸಿ ರಕ್ಷಿತ್ ಶೆಟ್ಟಿಯವರು ನಟಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ಬಿಡುಗಡೆಯಾಯಿತು. ಅದರ ಲ್ಯಾಬ್ರಡಾರ್ ಒಂದು ಮಾತನ್ನೂ ಆಡುವುದಿಲ್ಲ. ಆದರೂ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ ಬಂದು ಎಲ್ಲರೆದುರು ಕಣ್ಣೀರಿಟ್ಟುದನ್ನು ನಾಡೆಲ್ಲ ಕಂಡಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಹಿಂದಿ, ತಮಿಳು, ತೆಲುಗು, ಮಲಯಾಳಂ ಭಾಷೆಗಳಿಗೆ ಮನುಷ್ಯರ ಮಾತನ್ನೆಲ್ಲ ಬದಲಾಯಿಸಬೇಕಾಯಿತೇ ಹೊರತು ಚಾರ್ಲಿಯ ನೋಟವನ್ನು ಯಾರೂ ಬದಲಾಯಿಸಬೇಕಾಗಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, 949-950ರ ಸುಮಾರಿಗೆ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟುಕೊಟ್ಟ ನಾಡು ನಮ್ಮದು. ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದುದು ಆ ನಾಯಿಯನ್ನು. ನಾಯಿಯ ಮೌನವನ್ನು ಅರಿತ ಪರಂಪರೆ ನಮಗುಂಟು. ಆದರೂ ಮಾತಿನ ಸೊಗಸನ್ನು ನಮ್ಮ ಮಕ್ಕಳಿಗೆ ತಪ್ಪಿಸಬೇಕೆಂದು ನಾನು ಹೇಳುವುದಿಲ್ಲ. ಚಾನ್ಸ್ ನಾಯಿಯ ಬಡಾಯಿಗೆ ನಗುವ ಮಗು ಚಾರ್ಲಿಯ ಮೌನಕ್ಕೆ ಅಳಲೂ ಬಲ್ಲುದು.

ಇಲ್ಲಿಯೇ ತುಟಿಯಲುಗದ ನಾಯಿಯ ಇನ್ನೊಂದು ಅನುಕೂಲವನ್ನು ಹೇಳಬೇಕು. 1960ರ ದಶಕದಿಂದ ಅರ್ಧಶತಮಾನದಷ್ಟು ಕಾಲ ಕನ್ನಡಕ್ಕೆ ಪರಭಾಷೆಯ ಚಿತ್ರಗಳನ್ನು ಡಬ್ ಮಾಡಬಾರದೆಂಬ ಅಲಿಖಿತ ಕಟ್ಟು ನಡೆದುಬಂದಿತು. ಆಗ ಕನ್ನಡ ಚಿತ್ರರಂಗವನ್ನೂ ಅದನ್ನು ನಂಬಿದ ಕಲಾವಿದರನ್ನೂ ಉಳಿಸಿಕೊಳ್ಳುವುದಕ್ಕೆ ಅದು ಅಗತ್ಯವಾಗಿ ತೋರಿದುದು ಸಹಜವೇ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಮಕ್ಕಳು ತೆತ್ತರು. ಪ್ರಪಂಚದ ಮಕ್ಕಳ ಚಿತ್ರಗಳು ಅವರಿಗೆ ಇಂಗ್ಲಿಷಿನಲ್ಲಿಯೋ, ಹಿಂದಿಯಲ್ಲಿಯೋ, ನೆರೆಯ ತಮಿಳು ತೆಲುಗುಗಳಲ್ಲಿಯೋ ದೊರೆತುವೇ ಹೊರತು ತಾಯ್ನುಡಿಯಲ್ಲಿ ದೊರೆಯಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟು ಕಾನೂನಿಗೆ ಒಪ್ಪುವುದಲ್ಲವೆಂದು ತೀರ್ಮಾನಿಸಿದ ಮೇಲೆ ಬಾಗಿಲು ತೆರೆದಿದೆ. ಈಗ ಬರುವ ತೊಡಕು ಕಲೆಗೆ ಸಂಬಂಧಿಸಿದುದು. ಇಂಗ್ಲಿಷ್ ಉಚ್ಚಾರಣೆಗೆ ಅಳವಡಿಸಿ ಆಡಿಸಿದ ಮೂತಿಗೆ ಕನ್ನಡವನ್ನು ಕೂಡಿಸಬೇಕಾದರೆ, ತುಟಿ ಕೂಡುವೆಡೆಯಲ್ಲೆಲ್ಲ ಪಕಾರ ಬಕಾರ ಮಕಾರಗಳನ್ನು ಹುಡುಕಿ ತರಬೇಕು. ಕ್ರಿಯಾಪದವನ್ನು ಕೊನೆಗಿಡುವ ನಮ್ಮ ವಾಕ್ಯವನ್ನು ಅವರ ಉಸಿರಿನ ಅಳತೆಗೆ ಕತ್ತರಿಸಬೇಕು. ಅದರಿಂದ ಹುಟ್ಟುವುದು ಯಾರ ಮನೆಯಲ್ಲಿಯೂ ಯಾರೂ ಆಡದ ಒಂದು ಕನ್ನಡ. ಬಾಯಿ ಮುಚ್ಚಿದ ನಾಯಿಗೆ ಈ ಬಂಧನವಿಲ್ಲ. ಅದು ಧಾರವಾಡದ ಕನ್ನಡವನ್ನಾಡಿದರೂ ಸರಿ, ಕುಂದಾಪುರದ ಕನ್ನಡವನ್ನಾಡಿದರೂ ಸರಿ. ಮುಖ ತಡೆಯುವುದಿಲ್ಲ, ತೆರೆಯ ಮೇಲೆ ಸುಳ್ಳು ಕಾಣಿಸುವುದಿಲ್ಲ.

ಆದಕಾರಣ ‘ಹೋಮ್‌ವರ್ಡ್ ಬೌಂಡ್’ ಚಿತ್ರಕ್ಕೆ ಯೋಗ್ಯವಾದ ಕನ್ನಡವನ್ನು ಕೊಡುವ ಉದ್ಯಮವನ್ನು ನಮ್ಮ ವಾಹಿನಿಗಳಲ್ಲಿ ಒಂದಾದರೂ ಕೈಗೊಳ್ಳಬೇಕೆಂದು ನಾನು ಆಶಿಸುತ್ತೇನೆ. ಶ್ಯಾಡೋ ಪಾತ್ರಕ್ಕೆ, ಬಯಲಿನಲ್ಲಿ ಮೈಕಿಲ್ಲದೆ ಸಾವಿರ ಜನಕ್ಕೆ ಕೇಳುವಂತೆ ಸಂಭಾಷಣೆ ಹೇಳಿ ಅಭ್ಯಾಸವಾಗಿ, ಈಗ ವಯಸ್ಸಿನಿಂದ ಕಂಠ ತುಸು ಒಡೆದಿರುವ ನಾಟಕ ಕಂಪನಿಯ ಹಿರಿಯ ನಟರೊಬ್ಬರನ್ನು ಕರೆಯಬೇಕು. ಚಾನ್ಸ್ ಪಾತ್ರ ಹುಬ್ಬಳ್ಳಿಯ ಚುರುಕಾದ ಹುಡುಗನೊಬ್ಬನ ಬಾಯಿಗೆ ಬೀಳಲಿ. ಆ ಸೀಮೆಯ ಮಾತಿನಲ್ಲಿ ಬಡಾಯಿಯೂ ಅಂತಃಕರಣವೂ ಒಟ್ಟಿಗೆ ಬರುವಂತೆ ಬೇರೆ ಕಡೆ ಬರುವುದು ಕಡಿಮೆ. ಸ್ಯಾಸಿ ಬೆಕ್ಕಿಗೆ ಮೈಸೂರಿನ ಹಳೆಯ ಅಗ್ರಹಾರದ, ಹೊಸ್ತಿಲು ದಾಟಿ ಬಂದವರೆಲ್ಲರನ್ನೂ ಮೇಲಿಂದ ಕೆಳಕ್ಕೊಮ್ಮೆ ನೋಡುವ ಗೃಹಿಣಿಯ ಧ್ವನಿ ಒಪ್ಪುವುದು. ಸಂಭಾಷಣೆಯನ್ನು ಇಂಗ್ಲಿಷಿನಿಂದ ಸಾಲುಸಾಲಾಗಿ ಇಳಿಸದೆ, ಪ್ರಾಣಿಗಳ ಮುಖವನ್ನು ನೋಡುತ್ತ ಕುಳಿತು ಬರೆಯಬಲ್ಲವರಿಂದ ಬರೆಯಿಸಬೇಕು. ಏಪ್ರಿಲ್ ತಿಂಗಳ ರಜೆಯೊಳಗೆ ಅದು ಸಿದ್ಧವಾದರೆ, ಚಾಮರಾಜನಗರದಿಂದ ಬೀದರಿನವರೆಗಿನ ಮಕ್ಕಳು ಆ ಮೂರು ಪ್ರಾಣಿಗಳ ಪರ್ವತಯಾತ್ರೆಯನ್ನು ತಮ್ಮದೇ ನುಡಿಯಲ್ಲಿ ಕೇಳಿಯಾರು.